ಎರಡನೇ ಕೂಗು

ನಮ್ಮ ಊರಿನಲ್ಲಿ ಹರಾಜಿನಲ್ಲಿ ಕೊಂಡ ಮಂಚವನ್ನು ಬಂದ ದಿನವೇ ಒಳಗೆ ಹಾಕಿಕೊಳ್ಳುವುದಿಲ್ಲ. ಜಗಲಿಯ ಮೇಲೆ ಬಿಟ್ಟು ಅದು ಯಾವ ಕಡೆಗೆ ತಿರುಗುತ್ತದೆಂದು ನೋಡುತ್ತಾರೆ. ಬೆಳಗಾಗುವಷ್ಟರಲ್ಲಿ ಅದರ ತಲೆಭಾಗ ಯಾವುದೋ ಬೀದಿಯ ಕಡೆಗೆ ಸ್ವಲ್ಪ ಹೊರಳಿರುತ್ತದೆ. ಆ ಬೀದಿಯಲ್ಲಿ ಅದೇ ಮಂಚಕ್ಕೆ ಕೂಗಿ ಸೋತವರು ಇರುತ್ತಾರೆ. ಸೋತವರೆಲ್ಲರೂ ಅಲ್ಲ, ಗೆದ್ದವರ ಬೆನ್ನಿಗೇ ಇದ್ದು ಕೊನೆಯಲ್ಲಿ ಕೈಬಿಟ್ಟ ಒಬ್ಬರು ಮಾತ್ರ. ಅವರನ್ನು ನಾವು ಎರಡನೇ ಕೂಗಿನವರು ಎನ್ನುತ್ತೇವೆ. ಹರಾಜೆಲ್ಲ ಫೋನಿಗೆ ಹೋಗಿ ಬಹಳ ಕಾಲವಾಯಿತು. ಈಗ ಯಾರೂ ಬಾಯಿಬಿಟ್ಟು ಕೂಗುವುದಿಲ್ಲ, ಬೆರಳಿನಲ್ಲಿ ಒತ್ತುತ್ತಾರೆ. ಮಾತು ಮಾತ್ರ ಹಾಗೆಯೇ ಉಳಿದುಕೊಂಡಿದೆ.

ವಸ್ತು ತಿರುಗಿದ ದಿಕ್ಕು ಹಿಡಿದು ಹೋದರೆ ಎರಡನೇ ಕೂಗಿನವರು ಸಿಗುತ್ತಾರೆ. ಅವರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ವಸ್ತುವನ್ನು ಒಮ್ಮೆ ಬಳಸಲು ಬಿಡಬೇಕು. ಮಂಚವಾದರೆ ಮಲಗಿ ಏಳುತ್ತಾರೆ, ಹೊಲಿಗೆ ಯಂತ್ರವಾದರೆ ಒಂದು ಅಂಚು ಹೊಲಿಯುತ್ತಾರೆ. ಆಮೇಲೆ ‘ಸಾಕು’ ಎನ್ನುತ್ತಾರೆ. ಮನಸ್ಸಿನಿಂದ ಹೇಳಿದರೆ ವಸ್ತು ತಣ್ಣಗಾಗುತ್ತದೆ, ಮತ್ತೆ ತಿರುಗುವುದಿಲ್ಲ. ಕೆಲವರು ಒಬ್ಬಟ್ಟಿನ ಊಟ ಹಾಕಿಸಿಕೊಳ್ಳದೆ ಸಾಕು ಎನ್ನುವುದಿಲ್ಲ. ಅದನ್ನು ಯಾರೂ ತಪ್ಪೆಂದು ತಿಳಿಯುವುದಿಲ್ಲ.

ಈ ತಾಪತ್ರಯ ಬೇಡವೆನ್ನುವವರಿಗೆ ಫೋನಿನ ಪೇಟೆಯಲ್ಲಿ ಇನ್ನೊಂದು ದಾರಿಯಿದೆ, ನಿಗದಿ. ಮಾರುವವರು ಬೆಲೆ ಬರೆದು ಇಡುತ್ತಾರೆ, ಮೊದಲು ಹಣ ಕಟ್ಟಿದವರಿಗೆ ವಸ್ತು. ನಿಗದಿಯಲ್ಲಿ ಬಂದದ್ದು ಎಲ್ಲಿಟ್ಟರೆ ಅಲ್ಲಿರುತ್ತದೆ. ಮದುವೆಯ ಪಾತ್ರೆಗಳನ್ನೂ ಮಕ್ಕಳ ತೊಟ್ಟಿಲನ್ನೂ ಬೆಲೆ ಹೆಚ್ಚಾದರೂ ನಿಗದಿಯಲ್ಲೇ ಕೊಳ್ಳುತ್ತೇವೆ. ತೀರಿಕೊಂಡವರ ವಸ್ತುಗಳನ್ನು ಮಾತ್ರ ಯಾರೂ ನಿಗದಿಗೆ ಹಾಕುವುದಿಲ್ಲ. ಹೋದವರ ವಸ್ತುವಿಗೆ ಇದರ ಬೆಲೆ ಇಷ್ಟೇ ಎಂದು ಉಳಿದವರು ಬರೆಯುವುದು ಅವರ ಬಾಯಿ ಮುಚ್ಚಿಸಿದ ಹಾಗೆ. ಯಾವ ಕೈಯಲ್ಲಿ ಊಟ ಮಾಡಬೇಕೆಂದು ಕಲಿಯುವ ವಯಸ್ಸಿನಲ್ಲೇ ಇದನ್ನೂ ಕಲಿಯುತ್ತೇವೆ. ಕಲಿತದ್ದನ್ನು ಮತ್ತೆ ಯೋಚಿಸುವುದಿಲ್ಲ.

ನಾನು ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಹಾಕುವ ಕೆಲಸದವಳು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದೆ. ವಸ್ತುಗಳು ಏಕೆ ತಿರುಗುತ್ತವೆ ಎಂದು ಹುಡುಕಲು ನಾನು ಹೋಗಿಲ್ಲ. ಆದರೆ ಬೆಲೆಯ ಬಗ್ಗೆ ಆಗಾಗ ಯೋಚಿಸಿದ್ದೇನೆ. ಹರಾಜಿನಲ್ಲಿ ಗೆದ್ದವರು ತಮ್ಮ ಆಸೆಯಷ್ಟು ಕೊಡುವುದಿಲ್ಲ. ಎರಡನೆಯವರ ಆಸೆ ಎಲ್ಲಿ ನಿಂತಿತೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಕೊಡುತ್ತಾರೆ, ಅಷ್ಟೇ. ಅಂದರೆ ಬೆಲೆ ಎನ್ನುವುದು ಸೋತವರ ಆಸೆಯ ಅಳತೆ. ಗೆದ್ದವರಿಗೆ ನಿಜವಾಗಿ ಎಷ್ಟು ಬೇಕಾಗಿತ್ತು ಎಂಬುದನ್ನು ಯಾವ ಹರಾಜೂ ತೂಗುವುದಿಲ್ಲ. ನಿಗದಿಯಲ್ಲಂತೂ ಯಾರ ಆಸೆಯೂ ತೂಕಕ್ಕೆ ಬರುವುದಿಲ್ಲ, ಮಾರುವವರ ಅಂದಾಜು ಮಾತ್ರ ಇರುತ್ತದೆ. ಹಾಗೆ ನೋಡಿದರೆ ವಸ್ತು ಸೋತವರ ಕಡೆಗೆ ತಿರುಗುವುದರಲ್ಲಿ ಒಂದು ಬಗೆಯ ನ್ಯಾಯವಿದೆ.

ನನ್ನ ತಂಗಿ ಕುಮುದ ಅಂಗನವಾಡಿ ಟೀಚರು. ನಾವಿಬ್ಬರೇ ಒಂದು ಮನೆಯಲ್ಲಿರುವುದು. ಒಂದು ಜ್ವರದಲ್ಲಿ ಅವಳ ಎರಡೂ ಕಾಲುಗಳ ಬಲ ಹೋಯಿತು, ಜ್ವರ ಬಿಟ್ಟ ಮೇಲೂ ಮರಳಲಿಲ್ಲ. ಅಂಗನವಾಡಿ ಇರುವುದು ಮೇಲಿನ ಬೀದಿಯಲ್ಲಿ, ದಾರಿಯುದ್ದಕ್ಕೂ ಏರು. ಕೈಯಲ್ಲಿ ತಳ್ಳುವ ಗಾಲಿಕುರ್ಚಿ ಅಲ್ಲಿಗೆ ಹತ್ತುವುದಿಲ್ಲ. ರಜೆ ಮುಗಿಯುವುದರೊಳಗೆ ಅವಳು ತಾನಾಗಿ ಬಂದು ಹೋಗುವ ಹಾಗಾಗದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಹಾಕುತ್ತೇವೆಂದು ಮೇಲ್ವಿಚಾರಕಿ ಹೇಳಿ ಕಳಿಸಿದರು. ಕುಮುದ ಅಂದಿನಿಂದ ಮಕ್ಕಳ ಹಾಡುಗಳನ್ನು ಗುನುಗುವುದನ್ನು ನಿಲ್ಲಿಸಿದಳು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಗಡಿಯಾರದ ಸದ್ದಿಗೆ ನಾನು ಬೆಚ್ಚುತ್ತಿದ್ದೆ.

ಆ ದಿನಗಳಲ್ಲೇ ಬ್ಯಾಟರಿಯ ಗಾಲಿಕುರ್ಚಿಯೊಂದು ಹರಾಜಿಗೆ ಬಂತು. ಊರು ಬಿಟ್ಟು ಹೋಗುತ್ತಿದ್ದ ಮನೆಯವರು ಹಾಕಿದ್ದು. ಬೆಲೆ ಗೊತ್ತಿದ್ದವರು ನಿಗದಿಗೆ ಹಾಕುತ್ತಾರೆ, ಗೊತ್ತಿಲ್ಲದವರು ಹರಾಜಿಗೆ. ಅಂಥ ಕುರ್ಚಿ ಇಡೀ ಊರಿನಲ್ಲಿ ಅದೊಂದೇ ಇತ್ತು. ನಾನು ಒತ್ತಿದೆ. ಒತ್ತಿದ ಕೂಡಲೇ ಯಾರೋ ಒಂದು ಮೆಟ್ಟಿಲು ಮೇಲೆ ಹೋದರು. ಮತ್ತೆ ಒತ್ತಿದೆ, ಮತ್ತೆ ಒಂದೇ ಮೆಟ್ಟಿಲು. ಯೋಚಿಸುವಷ್ಟು ಬಿಡುವೂ ನಡುವೆ ಇರಲಿಲ್ಲ.

“ಅದು ನಿಂತ ಕೂಗು ಕಣಕ್ಕ,” ಎಂದಳು ಕುಮುದ. “ಆ ಕಡೆ ಮನುಷ್ಯರು ಎಚ್ಚರ ಇದಾರೋ ಇಲ್ವೋ.”

ನಿಂತ ಕೂಗೆಂದರೆ ನಮ್ಮ ಕೈಲಾಗುವ ಕೊನೆಯ ಮೊತ್ತವನ್ನು ಮೊದಲೇ ಬರೆದು ಬಿಟ್ಟುಬಿಡುವುದು. ಇಂಥ ವಸ್ತು ಯಾವಾಗ ಬಂದರೂ ಪೇಟೆ ತಾನೇ ನಮ್ಮ ಹೆಸರಿನಲ್ಲಿ ಆ ಮೊತ್ತದವರೆಗೆ ಕೂಗುತ್ತಾ ಹೋಗುತ್ತದೆ. ಬರೆದವರು ಅಡುಗೆ ಮಾಡುತ್ತಿರಬಹುದು, ನಿದ್ದೆಯಲ್ಲಿರಬಹುದು. ನಾನು ಒತ್ತುತ್ತಲೇ ಇದ್ದೆ. ನನ್ನ ಉಳಿತಾಯ ಮುಗಿಯಲು ಬಂದಾಗ ಆ ಕಡೆಯದು ನಿಂತಿತು. ನಿಂತದ್ದು ಸೋತ ಹಾಗೆ ಕಾಣಲಿಲ್ಲ. ಹಗ್ಗ ಅಲ್ಲಿಗೆ ಮುಗಿದ ಹಾಗಿತ್ತು.

ಕುರ್ಚಿ ಬಂತು. ಜಗಲಿಯಲ್ಲಿ ಬಿಟ್ಟೆವು. ಬೆಳಿಗ್ಗೆ ಅದು ಕೆರೆಬೀದಿಯ ಕಡೆಗೆ ತಿರುಗಿ ನಿಂತಿತ್ತು. ಅದರಲ್ಲಿ ಹೊಸದೇನೂ ಇರಲಿಲ್ಲ. ನನಗೆ ವಿಚಿತ್ರವೆನಿಸಿದ್ದು ಬೇರೆ. ಸಾಮಾನ್ಯವಾಗಿ ವಸ್ತುವಿನ ದಿಕ್ಕು ಬದಲಾಗುತ್ತಿರುತ್ತದೆ. ನಮ್ಮ ಎದುರು ಮನೆಯವರ ಹರಾಜಿನ ರೇಡಿಯೋ ಬೆಳಿಗ್ಗೆ ಹಿಟ್ಟಿನ ಗಿರಣಿಯತ್ತ, ಸಂಜೆ ಹೋಟೆಲಿನತ್ತ ಮುಖ ಮಾಡುತ್ತಿತ್ತು. ಸೋತವನು ಎಲ್ಲೆಲ್ಲಿ ತಿರುಗುತ್ತಾನೆಂದು ಅವನ ಹೆಂಡತಿ ಅದನ್ನು ನೋಡಿಯೇ ಪತ್ತೆಹಚ್ಚುತ್ತಿದ್ದಳು. ಈ ಕುರ್ಚಿ ಹಾಗಲ್ಲ. ಎತ್ತಿ ಬೇರೆ ಕಡೆ ಇಟ್ಟರೂ ಹೊರಳಿ ಮತ್ತೆ ಆ ಒಂದೇ ಜಾಗಕ್ಕೆ ಗುರಿ ಇಡುತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿದೆ. ಬೆಳಗ್ಗೆಯೂ ಸಂಜೆಯೂ ಚಕ್ರ ಗೆರೆಯ ಮೇಲೇ ಇತ್ತು. ಗಾಲಿಕುರ್ಚಿಗೆ ಕೂಗಿದವರು, ಹಾಸಿಗೆ ಬಿಟ್ಟು ಏಳಲಾಗದವರು ಇರಬೇಕು ಎಂದುಕೊಂಡು ಸುಮ್ಮನಾದೆ.

ಬ್ರೇಕು ನೋಡಲು ಮೆಕ್ಯಾನಿಕ್ ಇಸ್ಮಾಯಿಲ್ ಬಂದ. ಬಿಚ್ಚಿ, ಜೋಡಿಸಿ, ಕುರ್ಚಿಯ ಬೆನ್ನು ತಟ್ಟಿದ. “ಗಾಡಿ ಚೆನ್ನಾಗಿದೆ ಮೇಡಂ. ಬ್ರೇಕ್ ಹಾಕಿದ್ರೂ ಹೋಗುತ್ತೆ ಅಂದ್ರೆ ನಾನೇನು ಮಾಡ್ಲಿ? ಇದಕ್ಕೆ ಸ್ಪ್ಯಾನರ್ ಅಲ್ಲ, ಕಾಫಿ ಪುಡಿ ಬೇಕು,” ಎಂದು ಹೇಳಿ, ತನ್ನ ಪಾಲಿನ ಕಾಫಿ ಕುಡಿದು ಹೋದ.

ಭಾನುವಾರ ಎರಡನೇ ಕೂಗಿನವರನ್ನು ಹುಡುಕಿ ಹೋಗುವುದೆಂದು ಅಂದುಕೊಂಡಿದ್ದೆವು. ಅಷ್ಟರಲ್ಲಿ ರಜೆ ಮುಗಿದು ಅಂಗನವಾಡಿ ತೆರೆಯಿತು. ಕುಮುದ ಕಾಯಲಿಲ್ಲ, ಕುರ್ಚಿಯಲ್ಲಿ ಕೂತು ಹೋದಳು. ಮೊದಲ ದಿನ ಮಕ್ಕಳೆಲ್ಲ ಚಕ್ರ ಮುಟ್ಟಿ ನೋಡಿದರಂತೆ. ಎರಡನೇ ದಿನ ಅವಳು ಒಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟುತ್ತಾ ಹಾಡು ಹೇಳಿಕೊಡುತ್ತಿದ್ದಾಗ ಕುರ್ಚಿ ಹೊರಟಿತು. ಬಾಗಿಲು ದಾಟಿ, ಅಂಗಳ ದಾಟಿ, ಇಳಿಜಾರಿನ ರಸ್ತೆಗೆ ಬಿತ್ತು. ಸಹಾಯಕಿ ಓಡಿ ಬಂದು ಅಡ್ಡ ನಿಲ್ಲದಿದ್ದರೆ ಏನಾಗುತ್ತಿತ್ತೋ. ಮಗು ಆಟವೆಂದುಕೊಂಡು ನಗುತ್ತಿತ್ತಂತೆ. ಅದೇ ಮಧ್ಯಾಹ್ನ ಮೇಲ್ವಿಚಾರಕಿ ಬಂದು, ಕುರ್ಚಿ ತಣ್ಣಗಾದ ಮೇಲೆ ಬನ್ನಿ, ಆಗದಿದ್ದರೆ ಬರಬೇಡಿ ಎಂದು ಮೃದುವಾಗಿಯೇ ಹೇಳಿದರು.

ಭಾನುವಾರ ಸಂಜೆ ಕುಮುದಳನ್ನು ಕುರ್ಚಿಯಲ್ಲಿ ಕೂರಿಸಿ ಬ್ಯಾಟರಿ ಆರಿಸಿದೆ. ಕೈ ಬಿಟ್ಟೆ. ಅದು ನಡೆಯುವವರ ವೇಗದಲ್ಲಿ ಹೊರಟಿತು. ನಾನು ಹಿಂದೆ ಹಿಂದೆ ಹೋದೆ. ಜನ ದಾರಿ ಬಿಟ್ಟರು. ಇಂಥ ನಡಿಗೆ ಕಂಡರೆ ನಮ್ಮೂರಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ಕೆರೆಬೀದಿಯ ಕೊನೆಯಲ್ಲಿ ಒಂದು ಸಣ್ಣ ಮನೆ. ಎಲ್ಲ ಮನೆಗಳಿಗೂ ಮೆಟ್ಟಿಲಿತ್ತು, ಆ ಮನೆಗೆ ಮಾತ್ರ ಮೆಟ್ಟಿಲ ಜಾಗದಲ್ಲಿ ಸಿಮೆಂಟಿನ ಇಳಿಜಾರು ಕಟ್ಟಿದ್ದರು. ಅದರ ಮೇಲೆ ಒಂದೇ ಒಂದು ಚಕ್ರದ ಗುರುತೂ ಇರಲಿಲ್ಲ. ಮೂಲೆಯಲ್ಲಿ ಪಾಚಿ ಬೆಳೆದಿತ್ತು. ಕುರ್ಚಿ ತಡವರಿಸದೆ ಹತ್ತಿ, ತೆರೆದ ಬಾಗಿಲಿನಿಂದ ಒಳಗೆ ಹೋಗಿ, ಒಂದು ಮಂಚ ಮತ್ತು ಕಿಟಕಿಯ ನಡುವಿನ ಖಾಲಿ ಜಾಗದಲ್ಲಿ ನಿಂತಿತು. ಅಳತೆ ತೆಗೆದು ಬಿಟ್ಟಿದ್ದ ಹಾಗೆ ಅದು ಅಲ್ಲಿಗೆ ಸರಿಹೋಯಿತು.

ಒಲೆಯ ಮುಂದಿದ್ದ ವಯಸ್ಸಾದ ಹೆಂಗಸು ಎದ್ದು ಬಂದರು. ಹೆಸರು ದೇವೀರಮ್ಮ ಎಂದು ಆಮೇಲೆ ತಿಳಿಯಿತು. ಆಕೆ ನಮ್ಮನ್ನು ನೋಡಲಿಲ್ಲ, ಕುರ್ಚಿಯನ್ನು ನೋಡಿದರು. “ಇಷ್ಟು ತಡ ಮಾಡಿದ್ಯಲ್ಲ,” ಎಂದರು, ಅದಕ್ಕೆ.

ಮಂಚ ಖಾಲಿಯಾಗಿತ್ತು. ಹಾಸಿಗೆ ನೀಟಾಗಿ ಹಾಸಿತ್ತು. ಆಗ ನನಗೆ ಸೀಮೆಸುಣ್ಣದ ಗೆರೆ ನೆನಪಾಯಿತು. ಬದುಕಿದ್ದವರು ಹಾಸಿಗೆ ಹಿಡಿದಿದ್ದರೂ ಮಗ್ಗುಲು ಬದಲಿಸುತ್ತಾರೆ.

ದೇವೀರಮ್ಮನವರ ಒಬ್ಬನೇ ಮಗ ಗುರುಲಿಂಗ. ಲಾರಿಯಿಂದ ಬಿದ್ದು ಸೊಂಟದ ಕೆಳಗೆ ಬಲ ಕಳೆದುಕೊಂಡವನು. ಇಂಥ ಕುರ್ಚಿ ಎಂದಾದರೂ ಬರುತ್ತದೆಂದು ತನ್ನಲ್ಲಿದ್ದ ಅಷ್ಟೂ ಮೊತ್ತವನ್ನು ನಿಂತ ಕೂಗಾಗಿ ಬರೆದಿಟ್ಟ. ಮಲಗಿದ ಕಡೆಯಿಂದಲೇ ಗಾರೆಯವನಿಗೆ ಹೇಳಿ ಇಳಿಜಾರು ಕಟ್ಟಿಸಿದ. ಕುರ್ಚಿ ಬರಲಿಲ್ಲ, ಅವನು ಹೋದ. ಕೂಗು ಮಾತ್ರ ಇತ್ತು. ಗೋಡೆಯ ಗೂಡಿನಲ್ಲಿ ಅವನ ಫೋನಿತ್ತು, ಚಾರ್ಜಿಗೆ ಹಾಕಿದ ಹಾಗೆಯೇ. ಊರಿನಲ್ಲಿ ಯಾವ ಗಾಲಿಕುರ್ಚಿ ಮಾರಾಟಕ್ಕೆ ಬಂದರೂ ಅದು ಸದ್ದು ಮಾಡುತ್ತಿತ್ತು. ಹಳೆಯದು, ಮುರಿದದ್ದು, ಯಾವುದಾದರೂ ಸರಿ. ಆ ಸದ್ದು ಕೇಳಿದ ದಿನ ದೇವೀರಮ್ಮ ಎರಡು ಲೋಟ ಕಾಫಿ ಮಾಡುತ್ತಿದ್ದರಂತೆ.

ನಾನು ವಿಷಯ ಹೇಳಿದೆ. ಸಾಕು ಎಂಬ ಮಾತನ್ನು ಅವನ ಪರವಾಗಿ ನೀವೇ ಅನ್ನಬೇಕೆಂದು ಕೇಳಿದೆ. ಅವರು ಕುರ್ಚಿಯ ಕೈ ಹಿಡಿದು ಅಂದೇ ಬಿಟ್ಟರು. ಕುರ್ಚಿಯನ್ನು ನಾನು ಬಾಗಿಲ ತನಕ ಎಳೆದು ತಂದೆ. ಕೈ ಬಿಟ್ಟ ಕೂಡಲೇ ಅದು ಕುಮುದಳನ್ನು ಹೊತ್ತುಕೊಂಡು ಹಿಂದಕ್ಕೆ ಕಿಟಕಿಯ ಬಳಿಗೆ ಹೋಯಿತು.

“ಅವನಿಗೆ ಸಾಕಾಗಿತ್ತೋ ಇಲ್ವೋ ನಂಗೆ ಹೆಂಗೆ ಗೊತ್ತಾಗುತ್ತೆ ತಾಯಿ,” ಎಂದರು ದೇವೀರಮ್ಮ. “ಅವನ ಬಾಯಲ್ಲಿ ಬರಬೇಕಾದ್ದು ನನ್ನ ಬಾಯಲ್ಲಿ ಬಂದ್ರೆ ನಡೆಯಲ್ಲ.”

ಹಾಗಾದರೆ ಅವನ ಹೆಸರನ್ನು ಪೇಟೆಯಿಂದ ತೆಗೆಸಿಬಿಡೋಣವೇ ಎಂದೆ. ಅವರು ಫೋನಿದ್ದ ಗೂಡಿಗೆ ಬೆನ್ನು ಕೊಟ್ಟು ಅಡ್ಡ ನಿಂತರು. ನಾನು ಮತ್ತೆ ಕೇಳಲಿಲ್ಲ.

ಆ ರಾತ್ರಿ ಕುರ್ಚಿಯನ್ನು ಎಳೆದುಕೊಂಡು ಮನೆಗೆ ಬಂದ ಮೇಲೆ ನನಗೆ ಒಂದು ಉಪಾಯ ಹೊಳೆಯಿತು. ಅವನಿಗೆ ಬೇಕಾಗಿದ್ದದ್ದು ಕುರ್ಚಿ. ಸಿಕ್ಕಿದರೆ ಬೇಕು ಎಂಬುದು ಅಲ್ಲಿಗೆ ಮುಗಿಯಬೇಕು. ನಾವು ಕೊಟ್ಟ ಬೆಲೆಗೇ ಕುರ್ಚಿಯನ್ನು ನಿಗದಿಗೆ ಹಾಕುವುದು, ದೇವೀರಮ್ಮ ಅದೇ ಕ್ಷಣದಲ್ಲಿ ಮಗನ ಫೋನಿನಿಂದ ಕೊಳ್ಳುವುದು. ಅವನು ಬರೆದಿಟ್ಟ ಮೊತ್ತ ಹೇಗೂ ಅವನ ಖಾತೆಯಲ್ಲಿತ್ತು. ಒಂದು ಮೆಟ್ಟಿಲಿನ ವ್ಯತ್ಯಾಸವನ್ನು ನಾನೇ ತುಂಬುವುದು. ಆಮೇಲೆ ಅವರು ಅದನ್ನು ನಿಗದಿಯಲ್ಲೇ ನಮಗೆ ಮಾರುವುದು. ಎರಡು ಮಾರಾಟ, ಸೋತವರು ಯಾರೂ ಇಲ್ಲ. ಕಾಗದದ ಮೇಲೆ ಒಂದು ದೋಷವೂ ಕಾಣಲಿಲ್ಲ.

ಮರುದಿನ ಸಂಜೆ ಕುರ್ಚಿಯ ಹಿಂದೆ ಮತ್ತೆ ಕೆರೆಬೀದಿಗೆ ಹೋಗಿ ದೇವೀರಮ್ಮನವರಿಗೆ ಇದನ್ನು ಹೇಳಿದೆ. ಕುಮುದ ಅವರ ಕೈ ಹಿಡಿದುಕೊಂಡು ಅಂಗನವಾಡಿಯ ಮಗು ರಸ್ತೆಗೆ ಹೋದದ್ದನ್ನು ಹೇಳಿದಳು. ಕೊನೆಗೆ ಅವರು ಒಪ್ಪಿದರು. ಒಂದು ರಾತ್ರಿ ಮಾತ್ರ ಕುರ್ಚಿ ಕಿಟಕಿಯ ಪಕ್ಕ ಇರಬೇಕು ಎಂದರು.

ಕುಮುದಳನ್ನು ಎತ್ತಿ ಮಂಚದ ಮೇಲೆ ಕೂರಿಸಿ ನಾನು ಕುರ್ಚಿಯನ್ನು ನಿಗದಿಗೆ ಹಾಕಿದೆ. ದೇವೀರಮ್ಮ ಮಗನ ಫೋನಿನಲ್ಲಿ ಒತ್ತಿದರು. ಗೂಡಿನಲ್ಲಿದ್ದಾಗ ಯಾವಾಗಲೂ ಮಾಡುತ್ತಿದ್ದ ಸದ್ದಲ್ಲ, ಬೇರೆಯೇ ಸದ್ದು ಬಂತು. ನಾವು ಮೂವರೂ ಕುರ್ಚಿಯನ್ನೇ ನೋಡುತ್ತಿದ್ದೆವು. ಖಾಲಿ ಸೀಟಿನ ಮೆತ್ತೆ ಮೆಲ್ಲಗೆ ಕೆಳಗಿಳಿಯಿತು. ಯಾರೋ ಬಹಳ ಹುಷಾರಾಗಿ, ಕೈಗಳ ಮೇಲೆ ಭಾರ ಹಾಕಿ ಕೂತ ಹಾಗೆ. ತೂಕದ ಕೆಲಸದವಳಾದ ನನಗೆ ಅದು ಬಡಕಲಾಗಿ ಹೋದ ಗಂಡಸಿನ ಭಾರ ಎನಿಸಿತು. ಕುರ್ಚಿ ಒಂದಿಷ್ಟು ಹೊರಳಿ ಕಿಟಕಿಯ ಕಡೆ ಮುಖ ಮಾಡಿತು. ದೇವೀರಮ್ಮ ಕಿಟಕಿಯ ಬಾಗಿಲು ಪೂರ್ತಿ ತೆರೆದರು. ನಾನು ಆಟೋ ಕರೆದು ಕುಮುದಳನ್ನು ಮನೆಗೆ ಕರೆದುಕೊಂಡು ಬಂದೆ.

ಮರುದಿನ ಬೆಳಿಗ್ಗೆ ಫೋನು ತೆಗೆದರೆ ಕುರ್ಚಿ ಪೇಟೆಯಲ್ಲಿತ್ತು. ನಿಗದಿಯಲ್ಲಲ್ಲ, ಹರಾಜಿನಲ್ಲಿ. ದೀಪ ಹಚ್ಚುವ ಹೊತ್ತಿಗೆ ಮುಗಿಯುವಂತೆ ಹಾಕಿದ್ದರು.

ಓಡಿದೆ. ದೇವೀರಮ್ಮ ಇಳಿಜಾರನ್ನು ಗುಡಿಸುತ್ತಿದ್ದರು. ಕುರ್ಚಿ ಒಳಗೆ ಸುಮ್ಮನೆ ನಿಂತಿತ್ತು, ಮೆತ್ತೆ ಉಬ್ಬಿಕೊಂಡಿತ್ತು. ಏಕೆ ಹೀಗೆ ಮಾಡಿದಿರಿ ಎಂದು ಕೇಳಿದಾಗ ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

“ಇನ್ನೆಲ್ಲಿ ಹಾಕ್ಲಿ? ಹೋದವರ ವಸ್ತು ಅಲ್ವೇನಮ್ಮ ಅದು?”

ಅದು ಹಿಂದಿನ ದಿನದವರೆಗೆ ನಮ್ಮ ವಸ್ತು. ಅವನ ಹೆಸರಿಗೆ ಬರೆದದ್ದು ನಾನೇ. ಎಲ್ಲವನ್ನೂ ತೂಗಿದ ನಾನು, ಊರಿನ ಎಳೆಯ ಮಕ್ಕಳಿಗೂ ಗೊತ್ತಿರುವುದನ್ನು ತೂಗಿರಲಿಲ್ಲ. ಒಮ್ಮೆ ಹಾಕಿದ ಹರಾಜನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ದೇವೀರಮ್ಮ ನನ್ನ ಮುಖ ನೋಡಿ, ತಪ್ಪಾಯಿತೇನೋ ಎಂಬಂತೆ ಪೊರಕೆಯನ್ನು ಗೋಡೆಗೆ ಒರಗಿಸಿದರು. ನಾನು ಹೊರಡುವಾಗ ಇನ್ನೊಂದು ಮಾತು ಹೇಳಿದರು. ಬೆಳಿಗ್ಗೆ ಯಾರೋ ಒಂದು ಹಳೆಯ ಗಾಲಿಕುರ್ಚಿಯನ್ನು ಮಾರಾಟಕ್ಕೆ ಹಾಕಿದ್ದರಂತೆ, ಪಕ್ಕದ ಮನೆಯವರು ತೋರಿಸಿದರು. ಮಗನ ಫೋನು ಸದ್ದು ಮಾಡಲಿಲ್ಲ.

“ಇನ್ನು ಅವನಿಗೆ ಏನೂ ಬೇಡ ಅನ್ಸುತ್ತೆ,” ಎಂದರು.

ಮನೆಗೆ ಬಂದು ಕುಮುದಳಿಗೆ ಹರಾಜು ಎಂದಷ್ಟೇ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅವಳು ಆಸೆ ಬಿಟ್ಟಳೆಂದು ನಾನು ತಿಳಿದೆ. ನಾನು ಮುಂದಿನ ಕೋಣೆಯಲ್ಲಿ ಕೂತು, ಗುರುಲಿಂಗನಿಂದ ಹಿಂದಕ್ಕೆ ಬಂದ ಮೊತ್ತದ ಜೊತೆಗೆ ಮಾರಬಹುದಾದದ್ದನ್ನೆಲ್ಲ ಮನಸ್ಸಿನಲ್ಲೇ ಮಾರಿ, ಬಂದದ್ದನ್ನು ನಿಂತ ಕೂಗಿನ ಚೌಕದಲ್ಲಿ ಬರೆದೆ. ಬರೆದು ಒತ್ತುವಾಗ ಕೈ ತಡೆಯಿತು. ನಾನು ಈ ಹೊತ್ತು ಸತ್ತರೂ ಇದು ಕೂಗುತ್ತಲೇ ಇರುತ್ತದೆ. ಒತ್ತಿದೆ.

ಒಂದೇ ಒಂದು ಎದುರು ಕೂಗು ಎದ್ದಿತು. ಒಂದು ಮೆಟ್ಟಿಲು ನನ್ನದು, ಒಂದು ಮೆಟ್ಟಿಲು ಅದರದ್ದು, ನಡುವೆ ಬಿಡುವಿಲ್ಲ. ಎರಡೂ ನಿಂತ ಕೂಗುಗಳು. ಊರಿನ ಯಾವ ಮನೆಯ ಗೂಡಿನಲ್ಲಿ ಇನ್ನೂ ಯಾರ ಫೋನು ಚಾರ್ಜಿಗೆ ಹಾಕಿದೆಯೋ ಎಂದುಕೊಂಡೆ. ಸತ್ತವರ ಎದುರು ಹರಾಜಿನಲ್ಲಿ ಗೆದ್ದರೂ ಮತ್ತೊಂದು ಬೀದಿ, ಮತ್ತೊಂದು ಕಿಟಕಿ. ಅಂಕಿ ಏರುವುದನ್ನು ನೋಡಲಾಗದೆ ಫೋನನ್ನು ಮಗುಚಿ ಇಟ್ಟೆ. ದೀಪ ಹಚ್ಚಿ ಬಂದು ನೋಡಿದಾಗ ಕುರ್ಚಿ ನನ್ನದಾಗಿತ್ತು. ನಾನು ಬರೆದ ಮೊತ್ತಕ್ಕೆ ಕೂದಲೆಳೆಯಷ್ಟು ಕೆಳಗೆ ಆ ಕಡೆಯದು ನಿಂತಿತ್ತು.

ಇಸ್ಮಾಯಿಲ್ ತನ್ನ ಗಾಡಿಯಲ್ಲಿ ಕುರ್ಚಿಯನ್ನು ತಂದು ಜಗಲಿಯಲ್ಲಿ ಇಳಿಸಿದ. ಬೆಳಗಾಗುವುದನ್ನು ಕಾಯುವಷ್ಟು ತಾಳ್ಮೆ ನನಗಿರಲಿಲ್ಲ. ಸೀಮೆಸುಣ್ಣ ಹಿಡಿದು ಪಕ್ಕದಲ್ಲೇ ಕೂತೆ. ಕುರ್ಚಿ ಬೀದಿಯ ಕಡೆಗೆ ನೋಡಲೇ ಇಲ್ಲ. ನಿಧಾನವಾಗಿ ಸುತ್ತಿ, ನನಗೆ ಬೆನ್ನು ತೋರಿಸಿ, ನಮ್ಮ ಮನೆಯ ಬಾಗಿಲಿಗೆ ಮುಖ ಮಾಡಿತು. ಹೊಸ್ತಿಲಿಗೆ ಚಕ್ರ ತಾಗಿಸಿ ನಿಂತಿತು. ಒಳಗೆ ಕುಮುದ ಮಗ್ಗುಲು ಬದಲಿಸಿದ ಸದ್ದಾಯಿತು. ಕುರ್ಚಿಯೂ ಅಷ್ಟೇ ಹೊರಳಿತು.

ನಾನು ಒಳಗೆ ಹೋದೆ. ಅವಳ ಫೋನು ದಿಂಬಿನ ಕೆಳಗಿತ್ತು.

“ಎಷ್ಟು ಬರೆದಿದ್ದೆ?” ಎಂದೆ.

“ನಂದು ಅಂತ ಇದ್ದಿದ್ದೆಲ್ಲ. ನಿನ್ನ ಕೈಲಿ ಇನ್ನೂ ಖರ್ಚು ಮಾಡಿಸಬಾರದು ಅಂತ,” ಎಂದಳು. “ಯಾರೋ ಸತ್ತೋರು ಏರಿಸ್ತಿದಾರೆ ಅಂದ್ಕೊಂಡೆ ಕಣಕ್ಕ. ಎಷ್ಟು ಬೈದೆ ಗೊತ್ತಾ.”

ಒಂದೇ ಮನೆಯಲ್ಲಿ, ಒಂದು ಗೋಡೆಯ ಆಚೆ ಈಚೆ ಇದ್ದುಕೊಂಡು, ಒಬ್ಬರ ಮೇಲೊಬ್ಬರು ಬೆಲೆ ಏರಿಸಿದ್ದೆವು. ಅವಳು ನಕ್ಕಳು, ಆಮೇಲೆ ನಾನು. ನಗು ನಿಂತ ಮೇಲೆ ಇಬ್ಬರಿಗೂ ಒಟ್ಟಿಗೆ ನೆನಪಾಯಿತು. ಕೂಗಿನ ನಿಯಮ ಅಕ್ಕತಂಗಿಯರಿಗೂ ಒಂದೇ. ಎರಡನೇ ಕೂಗಿನವಳು ಕೂತು, ಎದ್ದು, ಆ ಮಾತು ಅನ್ನಬೇಕು. ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದೆ. ಅದು ನಮ್ಮೂರಿನ ಯಾವ ವಸ್ತುವೂ ನಿಲ್ಲದಷ್ಟು ನಿಶ್ಚಲವಾಗಿ ನಿಂತಿತು. ಕುಮುದ ಎರಡೂ ಕೈಗಳನ್ನು ಮಡಿಲಿನಲ್ಲಿಟ್ಟು ಬಾಯಿ ತೆರೆದಳು. ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ.

“ಅನ್ಬೇಡ,” ಎಂದೆ. “ಯಾವತ್ತೂ ಅನ್ಬೇಡ.”

ಅವಳು ಅಂದಿಲ್ಲ. ಕುಮುದ ಮತ್ತೆ ಅಂಗನವಾಡಿಗೆ ಹೋಗುತ್ತಿದ್ದಾಳೆ. ಮಗುವೊಂದನ್ನು ಎತ್ತಿಕೊಳ್ಳಲು ಚಾಪೆಗೆ ಇಳಿದರೆ ಕುರ್ಚಿ ಬಂದು ಅವಳ ಬೆನ್ನಿಗೆ ನಿಲ್ಲುತ್ತದೆ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕಾಯುತ್ತದೆ. ಮಕ್ಕಳಿಗೆ ಅದರಲ್ಲಿ ಏನೂ ವಿಶೇಷವಿಲ್ಲ, ಮೇಲ್ವಿಚಾರಕಿ ಕೂಡ ಈಗ ನೋಡಿದರೂ ನೋಡದ ಹಾಗಿರುತ್ತಾರೆ. ದೇವೀರಮ್ಮ ಕೆಲವು ಸಂಜೆ ನಮ್ಮ ಮನೆಗೆ ಬರುತ್ತಾರೆ. ಕುರ್ಚಿಯ ಕೈಯನ್ನು ಒಮ್ಮೆ ಮುಟ್ಟಿ, ಅದು ತಮ್ಮ ಬೀದಿಯ ಕಡೆ ನೋಡುತ್ತದೇನೋ ಎಂದು ಕಾದು, ಕಾಫಿ ಕುಡಿದು ಹೋಗುತ್ತಾರೆ.

ನಿನ್ನೆ ಬ್ಯಾಟರಿ ಕೆಟ್ಟಿತ್ತು. ಕುಮುದ ಆಟೋದಲ್ಲಿ ಹೋದಳು, ಕುರ್ಚಿಯನ್ನು ಜಗಲಿಯ ಕಂಬಕ್ಕೆ ಕಟ್ಟಿದ್ದೆ. ಅವಳು ಬರುವುದು ತಡವಾಯಿತು. ಫೋನು ಮಾಡಿದರೆ ಎತ್ತಲಿಲ್ಲ. ನಾನು ಜಗಲಿಗೆ ಬಂದು ನೋಡಿದೆ. ಕುರ್ಚಿ ಮೇಲಿನ ಬೀದಿಯ ಕಡೆಗೆ ತಿರುಗಿತ್ತು. ಚಕ್ರದ ಕೆಳಗೆ ಗೆರೆ ಎಳೆದು ಪಕ್ಕದಲ್ಲಿ ಕೂತೆ. ಚಕ್ರ ಗೆರೆಯ ಮೇಲೇ ಇತ್ತು. ಬೀದಿಯಲ್ಲಿ ದೀಪಗಳು ಹತ್ತಿದವು. ಯಾರೋ ಹಾದುಹೋಗುತ್ತಾ ಏನೋ ಕೇಳಿದರು, ಉತ್ತರ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಚಕ್ರ ಗೆರೆಯ ಮೇಲೇ ಇತ್ತು. ಕೆರೆಬೀದಿಯ ಕಡೆಗೂ ಅದು ಹೀಗೆಯೇ ಕದಲದೆ ನಿಂತಿತ್ತು. ಆಮೇಲೆ ಅದು, ಬಹಳ ಸ್ವಲ್ಪ, ಎಡಕ್ಕೆ ಸರಿಯಿತು. ಇನ್ನೂ ಸ್ವಲ್ಪ ಸರಿಯಿತು.

ನಾನು ಎದ್ದು ಹಾಲು ಕಾಯಿಸಲು ಒಳಗೆ ಹೋದೆ.